ಓಣಿಯ ಬಾಯಿಗೆ ನಿಂತ ರೆಂಜಿ

“ಗದ್ದಾರ! ಅವ್ನೌನ, ದ್ರೋಹಿ, ಪಕ್ಕಾ ಗದ್ದಾರ!” ಎಂದು ಕಲ್ಯಾಣಪ್ಪ ಟಿವಿಯ ನೆತ್ತಿಯ ಮೇಲೆ ಅಂಗೈ ಬಡಿದ. ಚಿತ್ರ ಒಮ್ಮೆ ಉರುಳಿ ನೆಟ್ಟಗಾಯಿತು. ಬಡಿದು ಏನು ಬಂತು, ಆ ವಾರದ ಕಂತು ಮುಗಿದೇ ಹೋಗಿತ್ತು. ರೆಂಜಿಯ ಕೈಗೆ ಅವನ ಪಕ್ಷದವರೇ ಬೇಡಿ ಹಾಕಿ ಎಳೆದುಕೊಂಡು ಹೋಗಿದ್ದರು. ಪರದೆಯ ಮೇಲೆ ಯಾರ್ಯಾರದೋ ಹೆಸರುಗಳು ಓಡುತ್ತಿದ್ದವು.

ಜೇವರ್ಗಿಯ ಆ ಓಣಿಯಲ್ಲಿ ಬಣ್ಣದ ಟಿವಿ ಇದ್ದದ್ದು ಬೇಳೆ ಮಿಲ್ಲಿನ ಕಲ್ಯಾಣಪ್ಪನ ಮನೆಯಲ್ಲಿ. ಭಾನುವಾರ ಬೆಳಗಾದರೆ ಪಡಸಾಲೆ ತುಂಬ ಜನ. ಜಪಾನಿನವರು ಮಾಡಿದ ಕಾರ್ಟೂನು, ಹಿಂದಿಯಲ್ಲಿ ಮಾತಾಡುತ್ತಿತ್ತು, ಹೆಸರು ‘ಆಖರೀ ಗ್ರಹ’. ಮಕ್ಕಳಿಗೆಂದು ಬಂದದ್ದು; ನಾಲ್ಕನೇ ವಾರಕ್ಕೆ ದೊಡ್ಡವರು ಮಕ್ಕಳನ್ನು ಹಿಂದಕ್ಕೆ ತಳ್ಳಿ ತಾವೇ ಮುಂದೆ ಕೂತರು. ಹಾರುವ ಹಡಗು, ಉಕ್ಕಿನ ಯಂತ್ರ ಎಲ್ಲ ಮೇಲುಮೇಲಿನದು, ಒಳಗೆ ಇದ್ದದ್ದು ಬರೀ ರಾಜಕೀಯ. ದೂರದ ಒಂದು ಗ್ರಹದಲ್ಲಿ ಒಬ್ಬ ದುಷ್ಟ ಗವರ್ನರ, ಅವನ ಕರಿ ದಳ ಊರೂರು ಸುಡುತ್ತಿತ್ತು. ಜನ ತಿರುಗಿಬಿದ್ದು ಗೆದ್ದರು. ಇವತ್ತು, ಗೆದ್ದವರು ಕರಿ ದಳದವರ ಬಂಧುಬಳಗ ಇದ್ದ ಓಣಿಗೆ ಬೆಂಕಿ ಹಾಕಲು ಹೊರಟಾಗ, ಅವರದೇ ವೀರ ರೆಂಜಿ ತನ್ನ ಯಂತ್ರವನ್ನು ಓಣಿಯ ಬಾಯಿಗೆ ಅಡ್ಡ ನಿಲ್ಲಿಸಿಬಿಟ್ಟಿದ್ದ.

“ಇಷ್ಟ ದಿನ ಅಂವಗ ಶೀಟಿ ಹೊಡದ್ವಿ ನೋಡ್ರಿ, ನಮ್ ತಲೀನ ಖರಾಬ,” ಎಂದ ಕಲ್ಯಾಣಪ್ಪ. “ಊರು ಸುಟ್ಟೋರ ಓಣಿಗಿ ಇಂವ ಕಾವಲ ನಿಂದ್ರತಾನಂತ! ಇದನ್ನ ನೋಡಿ ಮಕ್ಕಳು ಏನ್ ಕಲೀಬೇಕು? ಬಂದ್ ಮಾಡಿಸಬೇಕು. ದಿಲ್ಲಿಗಿ ಪತ್ರ ಬರಿಯೂಣು. ಟಿವ್ಯಾಗ ನೋಡೋರ ಪತ್ರ ಓದ್ತಾರಲ್ಲ, ನಮ್ಮದೂ ಓದ್ಲಿ!”

ಪಡಸಾಲೆ ಹೂಂಗುಟ್ಟಿತು. ಒಬ್ಬರು ರೆಂಜಿಗೆ ಗಲ್ಲಾಗಬೇಕೆಂದರು. ಇನ್ನೊಬ್ಬರು, ಜಪಾನಿನವರು ಯುದ್ಧ ಸೋತ ಮೇಲೆ ಹಿಂಗೇ ಪುಕ್ಕಲ ಕಥೆ ಮಾಡುತ್ತಾರೆ ಎಂದರು. ಸೈಕಲ್ ಅಂಗಡಿಯ ಸರ್ದಾರ ಎಲ್ಲರಿಗಿಂತ ಜೋರಾಗಿ, “ಖರೇ ಅದರಿ ಸಾವ್ಕಾರ್ರ, ಸುಡಬೇಕಿತ್ತು, ಬಿಡಬಾರದಿತ್ತು,” ಎಂದ. ಎಲ್ಲರ ಮುಖ ನೋಡಿದ, ತನ್ನ ಹಾಗೇ ಮುಸಲ್ಮಾನಳಾದ ವಜೀರುನ್ನಿಸಾಳ ಕಡೆ ಮಾತ್ರ ನೋಡಲಿಲ್ಲ.

ವಜೀರುನ್ನಿಸಾ ಉರ್ದು ಶಾಲೆಯ ಟೀಚರು. ಕಲ್ಯಾಣಪ್ಪನ ತಾಯಿ ಗಂಗಾಬಾಯಿಯ ಮಗ್ಗುಲಿಗೆ ಕೂತು, ಹಿಂದಿ ತಿಳಿಯದ ಮುದುಕಿಗೆ ಕಾರ್ಟೂನಿನ ಮಾತನ್ನೆಲ್ಲ ಕನ್ನಡದಲ್ಲಿ ಹೇಳುವುದು ಅವಳ ಭಾನುವಾರದ ಕೆಲಸ. ಓಣಿಯವರ ಹಿಂದಿ ಪತ್ರಗಳೂ ಅವಳ ಕೈಯಿಂದಲೇ ಆಗಬೇಕು. ಮಿಲಿಟರಿಗೆ ಹೋದ ಮಗನ ಸಾಹೇಬನಿಗೆ, ರೈಲ್ವೆಗೆ, ಬಾಂಬೆಯ ಕಂಪನಿಗೆ. ಬರೆದ ಮೇಲೆ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಕೇಳಿಸುತ್ತಾಳೆ. ಬರೆಸಿದವರು ಒಪ್ಪಿದರೆ ಕೆಳಗೆ ‘ಬರೆದವಳು ಇಂಥವಳು, ತಂದೆ ಇಂಥವನು’ ಎಂದು ಓದಿ ಕೇಳಿಸದೆಯೇ ಹಾಕಿ ಆಮೇಲೆ ಸಹಿಗೆ ಪೆನ್ನು ಕೊಡುತ್ತಾಳೆ. ಹಳೇ ಕಾಲದ ಅರ್ಜಿಗಳ ಈ ರೂಢಿಯನ್ನು ಅವಳು ಒಮ್ಮೆಯೂ ಬಿಟ್ಟವಳಲ್ಲ.

“ಹಾಳಿ ತಗೋರಿ ಅಕ್ಕೋರ,” ಎಂದ ಕಲ್ಯಾಣಪ್ಪ. “ನೀವು ಬರದ್ರ ದಿಲ್ಲಿಯವ್ರು ಎದ್ದು ಕುಂದ್ರತಾರ.”

ಅವಳ ಮೈಯೆಲ್ಲ ಉರಿದುಹೋಯಿತು. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಹದಿನೈದು ವರ್ಷ ಈ ಮನೆಯಲ್ಲಿ ಚಹಾ ಕುಡಿದಿದ್ದಾಳೆ. ನೀನು ಯಾರ ಮಗಳು, ನಿಮ್ಮಪ್ಪ ಹೇಗೆ ಸತ್ತ ಎಂದು ಒಬ್ಬ ಮಹಾನುಭಾವನೂ ಕೇಳಿಲ್ಲ. ಈಗ ಎದ್ದು ಹೋದರೆ, ಅಕ್ಕೋರು ಕರಿ ದಳದ ಕಡೆಯವರು ಎಂದು ನಾಳೆಯೇ ಮಾತು ಹುಟ್ಟುತ್ತದೆ, ಈ ಪಡಸಾಲೆಯ ಋಣ ಮುಗಿಯಿತು. ಕೂತು ಬರೆದರೆ ಅಪ್ಪನನ್ನು ಕೊಂದವರಿಗೆ ತನ್ನ ಕೈಯಾರೆ ಶಹಬ್ಬಾಸ್ ಅಂದ ಹಾಗೆ.

“ಹೇಳ್ರಿ,” ಎಂದಳು.

ಕಲ್ಯಾಣಪ್ಪ ನಿಂತುಕೊಂಡೇ ಹೇಳಿದ. “ರೆಂಜಿ ಮಾಡಿದ್ದು ದ್ರೋಹ. ಆ ಓಣಿ ಸುಡೂದ ನ್ಯಾಯ ಇತ್ತು. ಅಲ್ಲಿದ್ದೋರು ಯಾರೂ ಬದಕೂಕ ಲಾಯಕ ಇರ್ಲಿಲ್ಲ. ಈ ಕಾರ್ಟೂನ್ ಬಂದ್ ಮಾಡ್ರಿ. ಸಾಕು, ಉದ್ದ ಬ್ಯಾಡ.”

ನಾಲ್ಕು ಮಾತಿಗೆ ನಾಲ್ಕು ಸಾಲು ಬರೆದಳು. ಕಾಗದ ಎತ್ತಿ ಹಿಡಿದು ಓದತೊಡಗಿದಳು. ಮೂರನೇ ಸಾಲಿಗೆ ಬಂದು ನಿಂತಳು.

“ಯಾರೂ ಅಂದ್ರ ಯಾರ್ಯಾರು, ಸಾವ್ಕಾರ್ರ?”

“ಯಾರೂ ಅಂದ್ರ ಎಲ್ಲಾರೂ.”

“ಬಾಗಿಲದಾಗ ಕೂಸು ಎತಗೊಂಡು ಒಬ್ಬಾಕಿ ನಿಂತಿದ್ಳಲ್ಲ, ಅಕಿ? ಆ ಕೂಸು?”

“ಏ ಅಕ್ಕೋರ, ಅದು ಕಾರ್ಟೂನ್ ಅದರಿ!”

“ಕಾರ್ಟೂನ್ ಇದ್ದರ ದಿಲ್ಲಿಗಿ ಪತ್ರ ಯಾಕ್ರಿ?”

ಕಲ್ಯಾಣಪ್ಪನ ಕಿವಿ ಕೆಂಪಾದವು. ಐವತ್ತು ದಾಟಿದ ಗಂಡಸು, ದನಿ ಮಾತ್ರ ಹುಡುಗನ ಹಾಗೆ ನಡುಗಿತು.

“ನಮ್ಮ ಕಾಕಾ ನಾಗಣ್ಣ ಕಾರ್ಟೂನ್ ಇರ್ಲಿಲ್ಲರಿ! ನಿಜಾಮನ ರಜಾಕಾರರು ಅವನ್ನ ಕಣದಾಗ ಕೆಡವಿ ಕೊಂದ್ರು. ನಾ ಐದು ವರ್ಷದಾಂವ, ಕಣಕಿ ಬಣವಿ ಹಿಂದ ಕುಂತು ನೋಡೀನಿ. ಅಂಥೋರ ಮ್ಯಾಲ ದಯಾ ಮಾಡು ಅಂತ ನಂಗ ಯಾವನೂ ಹೇಳಬಾರದು! ಜಪಾನಿನಾಂವ ಅಂತೂ ಹೇಳಲೇಬಾರದು!”

“ನಾ ಹೇಳಂಗಿಲ್ಲ. ನಿಮ್ಮ ಕಾಕಾನ್ನ ಕೊಂದೋರ್ನ ಗಲ್ಲಿಗಿ ಹಾಕ್ರಿ ಅಂತ ಬರಸ್ರಿ, ಈಗಿಂದೀಗ ಬರದು ಕೊಡ್ತೇನಿ.” ಅವಳು ಕಾಗದವನ್ನು ಕೆಳಗೆ ಕುಕ್ಕಿದಳು. “ನಮ್ಮಪ್ಪ ಲಾಡ್ಲೆಸಾಬ. ಜಟಕಾ ಹೊಡೀತಿದ್ದ. ಬಾರಕೋಲ ಬಿಟ್ಟರ ಕೈಯಾಗ ಏನೂ ಹಿಡದಾಂವಲ್ಲ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮ ಸೋತ ನಾಕನೇ ದಿನ ನಮ್ಮ ಓಣಿಗಿ ಬೆಂಕಿ ಬಂತು. ನೀ ರಜಾಕಾರ ಏನು ಅಂತ ಅವನ್ನ ಯಾರೂ ಕೇಳ್ಲಿಲ್ಲ. ನಾ ಎಂಟು ವರ್ಷದಾಕಿ, ನಾನೂ ನೋಡೀನಿ. ನಮ್ಮ ಓಣಿ ಬಾಯಿಗಿ ಯಾರೂ ಬಂದು ನಿಂದ್ರಲಿಲ್ಲ ಸಾವ್ಕಾರ್ರ. ಒಬ್ಬನಂದ್ರ ಒಬ್ಬನೂ!”

“ಜಾನೇ ದೋ ಆಪಾ,” ಎಂದು ಸರ್ದಾರ ಮೆಲ್ಲಗೆ ನಡುವೆ ಬಂದ.

“ಚುಪ್ ಬೈಠ್!” ಅವಳ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. “ಸುಡಬೇಕಿತ್ತು ಅಂದ್ಯಲ್ಲ, ನಾಚ್ಕಿ ಬರಲಿಲ್ಲೇನೋ? ನಿಮ್ಮವ್ವ ಯಾವ ಓಣ್ಯಾಗ ಹುಟ್ಯಾಳ, ಹೇಳು ಇವ್ರಿಗಿ!”

ಸರ್ದಾರ ಪಡಸಾಲೆಯ ಮೂಲೆಗೆ ಸರಿದು ಕೂತ.

ಗಂಗಾಬಾಯಿ ಮಗನ ಕಡೆ ನೋಡಿ, “ಕಲ್ಯಾಣಿ,” ಎಂದಳು, “ನಿನ್ ಕಾಕಾನ್ನ ಕೊಂದೋರು ಯಾರಂತ ನನಗ ಗೊತ್ತಿತ್ತು. ಅವ್ರು ಕುದುರಿ ಹತ್ತಿ ಪಾರಾದ್ರು. ನಮ್ಮ ಮಂದಿ ಕೈಗಿ ಸಿಕ್ಕೋರು ಅವ್ರಲ್ಲ.”

“ನೀ ಸುಮ್ನಿರವ್ವಾ!”

“ನಲ್ವತ್ತು ವರ್ಷದ ಮ್ಯಾಲ ಆತು ಸುಮ್ಕಿದ್ದೇನಿ,” ಎಂದಳು ಮುದುಕಿ. ಅವಳಿಗೂ ಸಿಟ್ಟು ಬಂದಿತ್ತು.

ವಜೀರುನ್ನಿಸಾ ನಾಲ್ಕನೇ ಸಾಲನ್ನೂ ಓದಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಕೇಳಿದಳು: “ಇದು ನಿಮ್ಮ ಮಾತ ಹೌದಲ್ರಿ? ಒಪ್ಪಿಗಿ ಅದ ಏನು?”

“ಅದ! ಯಾಕ ಇರಬಾರದು? ನನ್ನ ಮಾತಿಗಿ ನಾ ಹೆದರಂಗಿಲ್ಲ!”

ಅವಳು ಬಗ್ಗಿ ಐದನೇ ಸಾಲು ಬರೆದಳು. ಅಕ್ಷರ ಸೊಟ್ಟಗಾಗಲು ಬಿಡಲಿಲ್ಲ. ಬರೆದು ಓದಿದಳು: “ಬರದಾಕಿ ವಜೀರುನ್ನಿಸಾ, ತಂದಿ ಲಾಡ್ಲೆಸಾಬ, ಸುಟ್ಟ ಓಣಿಯಾಕಿ.”

ಕಾಗದವನ್ನೂ ಪೆನ್ನನ್ನೂ ಅವನ ಮುಂದೆ ನೂಕಿದಳು. “ಇದರ ಕೆಳಗ ಸಹಿ ಮಾಡ್ರಿ.”

“ಇದೇನ್ರಿ ಇದು? ಇದನ್ನ ಕಾಟ ಹಾಕ್ರಿ ಮೊದಲ.”

“ನಮ್ಮಪ್ಪನ ಹೆಸರು ನಾ ಕಾಟ ಹಾಕಂಗಿಲ್ಲ. ಪೆನ್ನು ನಿಮ್ಮ ಮುಂದದ. ನೀವ ಹಾಕ್ರಿ.”

ಕಲ್ಯಾಣಪ್ಪ ಧೊಪ್ಪನೆ ಚಾಪೆಯ ಮೇಲೆ ಕೂತು ಪೆನ್ನು ಕಸಿದುಕೊಂಡ. ಹಿಂದಿ ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಕೊನೆಯ ಸಾಲು ಯಾವುದೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಪೆನ್ನಿನ ಮೊನೆಯನ್ನು ಅದರ ತಲೆಯ ಹತ್ತಿರ ತಂದ. ಬಹಳ ಹೊತ್ತು ಹಾಗೇ ಹಿಡಿದ.

ಆಮೇಲೆ ಮೊನೆಯನ್ನು ಮೇಲಕ್ಕೆ ಒಯ್ದು, ಮೊದಲ ಸಾಲಿನಿಂದ ತುಟಿಯಲ್ಲೇ ಎಣಿಸುತ್ತ ಬಂದು, ಯಾರೂ ಬದುಕಲು ಲಾಯಕ್ಕಿಲ್ಲ ಎಂಬ ಮೂರನೆಯದರ ಮೇಲೆ ಅಡ್ಡ ಗೆರೆ ಎಳೆದ. ಹಲ್ಲು ಕಚ್ಚಿ ಎಷ್ಟು ಒತ್ತಿ ಎಳೆದನೆಂದರೆ ಕಾಗದ ಹರಿದು ಕೆಳಗಿನ ಚಾಪೆ ಕಂಡಿತು.

“ಆತಿಲ್ಲ?” ಎಂದು ಕಿರುಚಿದ. “ಆದ್ರೂ ಅಂವ ಗದ್ದಾರನ! ಅದು ಹಂಗ ಇರಲಿ!”

“ಇರಲಿ,” ಎಂದಳು ವಜೀರುನ್ನಿಸಾ. “ಮತ್ತ ಎರಡನೇ ಸಾಲು, ಓಣಿ ಸುಡೂದ ನ್ಯಾಯ ಇತ್ತು ಅನ್ನೂದು?”

ಪೆನ್ನು ಎರಡನೇ ಸಾಲಿನ ಮೇಲೆ ಬಂದು ನಿಂತಿತ್ತು. ಮುಟ್ಟಲೂ ಇಲ್ಲ, ಸರಿಯಲೂ ಇಲ್ಲ.