ಬಾಡಿಗೆ ರೋಗಿ

ನಮ್ಮ ಮನೆಯವರು ಸಂಬಳ ಎಣಿಸಿದ್ದೇ ಕಾಯಿಲೆ ಬಿದ್ದಿದ್ದಕ್ಕೆ. ವೈದ್ಯಕೀಯ ಕಾಲೇಜಿನಲ್ಲಿ ಪರೀಕ್ಷೆಯ ದಿನ ರೋಗಿಯ ಹಾಗೆ ನಟಿಸುವುದು ಅವರ ಕೆಲಸ. ಸೋಮವಾರ ಎದೆನೋವು, ಮಂಗಳವಾರ ಕಿಡ್ನಿ ಕಲ್ಲು, ಬುಧವಾರ ಅರಳುಮರಳಿನ ಮುದುಕ. ಹುಡುಗರು ಇಟ್ಟ ಹೆಸರು ಬಾಡಿಗೆ ರೋಗಿ. ನಾನು ಅಲ್ಲೇ ಪರೀಕ್ಷಕಿ. ಇವರು ನರಳಬೇಕು, ಹುಡುಗರು ಬೆವರಬೇಕು, ನಾನು ಮೂಲೆಯಲ್ಲಿ ಕೂತು ಅಂಕ ಹಾಕಬೇಕು. ಹೀಗೇ ನೋಡಿ ನೋಡಿ ಮದುವೆಯೂ ಆಯಿತು. ಮನೆಯಲ್ಲೂ ನನ್ನನ್ನು ಮೇಡಂ ಅನ್ನುತ್ತಾರೆ, ಕೆಣಕುವುದಕ್ಕೆ.

ನಿವೃತ್ತಿಯಾಗಿ ಸರೋವರದ ದಡದ ಈ ಪುಟ್ಟ ಮನೆಗೆ ಬಂದ ಮೇಲೆ ಇಬ್ಬರಿಗೂ ಹೊತ್ತು ಹೋಗುತ್ತಿರಲಿಲ್ಲ. ಮೀನು ಹಿಡಿಯಲು ಅವರಿಗೆ ತಾಳ್ಮೆಯಿಲ್ಲ, ಗಿಡ ನೆಡಲು ನನ್ನ ಸೊಂಟ ಬಗ್ಗುವುದಿಲ್ಲ. ಅದಕ್ಕೇ ಮಳೆ ಬಂದ ದಿನ ಒಂದು ಆಟ. ಅವರು ಕಾಯಿಲೆ ಬೀಳಬೇಕು, ನಾನು ಯಾವುದು ಎಂದು ಹೇಳಬೇಕು. ಸರಿ ಹೇಳಿದೆನೋ, ಚಪ್ಪಾಳೆ ತಟ್ಟಿ ಎದ್ದುಬಿಡಬೇಕು. ಆಮೇಲೆ ನಾನು ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತೇನೆ.

ಅವತ್ತು ನಡುಬೇಸಿಗೆಯಲ್ಲೂ ಬೆಳಗಿನಿಂದ ಜಿಟಿಜಿಟಿ ಮಳೆ. ಆಚೆ ದಡ ಕಾಣಿಸುತ್ತಿರಲಿಲ್ಲ. ತಿಂಡಿ ತಿನ್ನುವಾಗಲೇ ಇವರು ಶುರುಹಚ್ಚಿಕೊಂಡರು. ರೆಪ್ಪೆ ಇಳಿಬಿಟ್ಟು, ನಾಲಿಗೆ ದಪ್ಪ ಮಾಡಿಕೊಂಡು, "ಸಿಷ್ಟರ್... ನನ್ನ ಹಲ್ಲಿನ ಷೆಟ್ಟೆಲ್ಲೀ..." ಎಂದು ಜೋರಾಗಿ ತೊದಲಿದರು.

"ಆಪರೇಷನ್ ಮುಗಿದು ಅನಸ್ತೇಷಿಯಾ ಇಳೀತಾ ಇರೋ ರೋಗಿ," ಎಂದೆ.

ಪಟಪಟ ಚಪ್ಪಾಳೆ. "ನಿಮ್ಮ ಮುಂದೆ ನನ್ನ ಬೇಳೆ ಬೇಯಲ್ಲ ಮೇಡಂ!"

ಏಳು ಅಂಕ ಕೊಟ್ಟೆ. ಹಲ್ಲಿನ ಸೆಟ್ಟು ಅತಿಯಾಯಿತು ಎಂದೆ.

ಸಂಜೆ ಚಹಾ ಮಾಡಿ ತಂದಾಗ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ದೋಣಿಯಲ್ಲಿ ನೀರು ತುಂಬಿದೆ, ಮಳೆ ನಿಂತ ಮೇಲೆ ಎತ್ತಿ ಹಾಕುತ್ತೇನೆ ಎಂದು ಹೇಳಿ ಕಪ್ಪು ತೆಗೆದುಕೊಂಡರು. ನಾನು ಎದುರಿಗೆ ಕೂತು ಒಂದು ಗುಟುಕು ಕುಡಿಯುವಷ್ಟರಲ್ಲಿ ಅವರ ಬಾಯಿಯ ಬಲಗಡೆ ಇಳಿದಿತ್ತು. "ನಾ... ಮ... ಮ..." ಎಂದರು.

"ಪಾರ್ಶ್ವವಾಯು. ಯಾವಾಗ್ಲೂ ಎಡಗಡೆ ಮಾಡ್ತಿದ್ರಿ, ಈ ಸಲ ಬಲಗಡೆ. ಪರವಾಗಿಲ್ಲ, ಎಂಟು," ಎಂದೆ.

ಚಪ್ಪಾಳೆ ಬರಲಿಲ್ಲ. ಕಪ್ಪು ವಾಲಿ, ಹೊಗೆಯಾಡುವ ಚಹಾ ಅವರ ತೊಡೆಯ ಮೇಲೆ ಸುರಿಯಿತು.

"ಆಯ್ತು ಮಾರಾಯ್ರೇ, ಒಂಬತ್ತು! ಪ್ಯಾಂಟ್ ಒಗೆಯೋಳು ನಾನು, ಏಳಿ ಸಾಕು." ನಕ್ಕೆ. ದೇವರಾಣೆಗೂ ನಕ್ಕೆ.

ನಟಿಸುವಾಗ ಇವರ ಕಣ್ಣು ಕಳ್ಳತನದಿಂದ ನನ್ನ ಮುಖ ನೋಡುತ್ತಿರುತ್ತದೆ, ಎಷ್ಟು ಅಂಕ ಬಂತು ಎಂದು. ಅವತ್ತು ಆ ಕಣ್ಣು ನನ್ನನ್ನು ಬೇಡುತ್ತಿತ್ತು. ಬಾಯಿ ವಾಲಿದರೆ, ಕೈ ಬಿದ್ದರೆ, ಮಾತು ತೊದಲಿದರೆ ಒಂದು ಕ್ಷಣವೂ ಕಾಯಬೇಡಿ ಎಂದು ಎಷ್ಟು ಹುಡುಗರ ತಲೆಗೆ ತುಂಬಿದವಳು ನಾನು! ನನ್ನ ತಲೆಯಲ್ಲೇ ಅವತ್ತು ಏನೂ ಉಳಿದಿರಲಿಲ್ಲ. ನನ್ನ ಕಪ್ಪು ಹಿಡಿದುಕೊಂಡು ಮರದ ಕೊರಡಿನ ಹಾಗೆ ಕೂತಿದ್ದೆ.

ಆಂಬುಲೆನ್ಸ್ ಪೇಟೆಯಿಂದ ಬರಬೇಕು. ಕಾರಿರುವುದು ಪಕ್ಕದ ಮನೆಯ ದರ್ಜಿಗೆ. ಬರಿಗಾಲಲ್ಲಿ ಓಡಿದೆ. ಅವನು ಹೊಲಿಗೆ ಮಿಷನ್ ಬಿಟ್ಟು ಏಳಲೇ ಇಲ್ಲ.

"ಅಕ್ಕಾ, ಇನ್ನೊಂದ್ಸಲ ಟೋಪಿ ಹಾಕಿಸ್ಕೊಳ್ಳಲ್ಲ ನಾನು. ಹೋದ ತಿಂಗಳು ಭಾವನ ಎದೆನೋವು ನೋಡಿ ನನ್ನ ಎದೆ ನಿಂತೋಗಿತ್ತು."

"ಇದು ಆಟ ಅಲ್ಲ ಕಣೋ!" ಎಂದು ಕಿರುಚಿದೆ. ನನ್ನ ದನಿ ಕೇಳಿ ನನಗೇ ಭಯವಾಯಿತು. ಅವನ ಮುಖ ಬಿಳಿಚಿಕೊಂಡಿತು. ಆಮೇಲೆ ಅವನೇ ಇವರನ್ನು ಮಗುವಿನ ಹಾಗೆ ಎತ್ತಿ ಕಾರಿನಲ್ಲಿ ಮಲಗಿಸಿದ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಸಣ್ಣ ವಯಸ್ಸಿನ ಡಾಕ್ಟರಮ್ಮ ಸಿರಿಂಜ್ ಸಿದ್ಧ ಮಾಡಿಸಿಕೊಂಡು ಬಂದಳು. "ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆ. ಕರಗಿಸೋ ಔಷಧ ಇದೆ, ಶುರುವಾದ ಕೆಲವೇ ಗಂಟೆ ಒಳಗೆ ಕೊಡಬೇಕು. ಯಾವಾಗಿಂದ ಹೀಗೆ?"

ನಾನು ಬಾಯಿ ತೆರೆಯುವ ಮೊದಲೇ ದರ್ಜಿ ಹೇಳಿಬಿಟ್ಟ. "ಬೆಳಿಗ್ಗೆಯಿಂದ ಡಾಕ್ಟ್ರೇ. ತಿಂಡಿ ಹೊತ್ತಲ್ಲೇ ತೊದಲ್ತಾ ಇದ್ರು, ನಮ್ಮ ಕಿಟಕಿಗೆ ಕೇಳಿಸ್ತು."

ಡಾಕ್ಟರಮ್ಮ ಸಿರಿಂಜ್ ಟ್ರೇಯಲ್ಲಿಟ್ಟಳು. "ಹಾಗಾದ್ರೆ ಹೊತ್ತು ಮೀರಿದೆ. ಈಗ ಕೊಟ್ರೆ ಮಿದುಳೊಳಗೆ ರಕ್ತ ಸೋರಿ ಪ್ರಾಣಕ್ಕೇ ಕುತ್ತು ಬರಬಹುದು."

"ಬೆಳಿಗ್ಗೆದು ನಟನೆ!" ಎಂದೆ.

ಅವಳು ನನ್ನನ್ನು ತಲೆಕೆಟ್ಟವಳ ಹಾಗೆ ನೋಡಿದಳು. ಆಟದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಅಂದ್ರೆ ಸಂಜೆ ನಿಜವಾಗಿ ಆದಾಗ್ಲೂ ನಟನೆ ಅಂದ್ಕೊಂಡ್ರಾ?"

"ಹೂಂ."

"ಮತ್ತೆ ಬೆಳಿಗ್ಗೆದು ನಿಜ ಅಲ್ಲ ಅಂತ ಹೇಗೆ ಹೇಳ್ತೀರಾ?"

ಕಣ್ಣೆದುರಿನ ನಿಜವನ್ನು ನೋಡಿ ನಕ್ಕವಳು ನಾನು. ನನ್ನ ಮಾತು ತಪ್ಪಾದರೆ ಆ ಸೂಜಿಯೇ ಇವರನ್ನು ಕೊಲ್ಲುತ್ತದೆ. ಸುಮ್ಮನಿದ್ದರೆ ಈ ಬಾಯಿ, ಈ ಕೈ ಹೀಗೇ ಉಳಿಯುತ್ತವೆ. ಕಣ್ಣು ಮುಚ್ಚಿದೆ. ಪರೀಕ್ಷೆಯ ಕೋಣೆಯ ಮೂಲೆಯಲ್ಲಿ ಕೂತ ಹಾಗೆ ಕೂತು ತಿಂಡಿಯ ಹೊತ್ತನ್ನು ಮತ್ತೆ ನೋಡಿದೆ.

"ತೊದಲಿದ ಮೇಲೆ ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ್ರು, ಎರಡೂ ಒಂದೇ ಎತ್ತರದಲ್ಲಿ. ತಟ್ಟಿ, ಒಂದಕ್ಷರ ತೊದಲದೆ ನನ್ನನ್ನ ಕೆಣಕಿದ್ರು. ಸಂಜೆ ಕಪ್ಪು ಇಸ್ಕೊಂಡಿದ್ದೂ ಬಲಗೈಯಲ್ಲೇ. ದೋಣಿ ವಿಷಯ ಸ್ಪಷ್ಟವಾಗಿ ಮಾತಾಡಿದ್ರು. ನಾನು ಒಂದು ಗುಟುಕು ಕುಡಿಯೋದ್ರಲ್ಲಿ ಆಗಿದ್ದು ಇದು. ಕೊಡಿ ಔಷಧ."

"ಖಂಡಿತಾನಾ?"

"ಖಂಡಿತ," ಎಂದೆ.

ಸೂಜಿ ಚುಚ್ಚಿದರು. ಆಮೇಲಿನದು ಕಾಯುವುದಷ್ಟೇ. ದರ್ಜಿ ಗೋಡೆಗೊರಗಿ ಅಳುತ್ತಿದ್ದ, ನನಗೆ ಅಳುವೂ ಬರಲಿಲ್ಲ. ಇವರ ಮುಖವನ್ನೇ ನೋಡುತ್ತ, ಎದ್ದು ಕೂತು ಇದೆಲ್ಲ ಸುಳ್ಳು ಅನ್ನಿ, ಬೈಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ.

ಕತ್ತಲಾಗುವ ಮೊದಲು ಡಾಕ್ಟರಮ್ಮ ಮತ್ತೆ ಬಂದು ಬಗ್ಗಿದಳು. "ಯಜಮಾನ್ರೇ, ಬಲಗೈ ಎತ್ತಿ ನೋಡೋಣ."

ಏನೂ ಆಗಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು. ಹೊದಿಕೆ ಅಲುಗಿತು. ಮೊದಲು ಎರಡು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈಯವರೆಗೂ ಕೈ ಗಡಗಡ ನಡುಗುತ್ತ ಮೇಲೆ ಬಂತು.

ಹುಷಾರಾಗಿದ್ದವನು ಕಾಯಿಲೆಯನ್ನು ನಟಿಸಬಹುದು, ಅದರಲ್ಲೇ ನಮ್ಮ ಸಂಸಾರ ನಡೆದಿದ್ದು. ಶಕ್ತಿಯಿಲ್ಲದ ಕೈಯನ್ನು ಶಕ್ತಿಯಿದೆ ಎಂದು ನಟಿಸಿ ಎತ್ತಿ ತೋರಿಸುವುದು ಇವರಿಗಷ್ಟೇ ಅಲ್ಲ, ಯಾರಿಗೂ ಬರುವುದಿಲ್ಲ. ನಾನು ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತೆ.