ಜೊತೆಗೆ ಬಂದವಳ ರೈಲು ಖರ್ಚು

ಎದುರು ಸೀಟಿನ ಹೆಂಗಸು ಖಮಣ ಢೋಕ್ಲಾದ ಡಬ್ಬಿ ತೆರೆದಳು, ಸಾಸಿವೆ ಒಗ್ಗರಣೆಯ ವಾಸನೆ ಬೋಗಿಯ ತುಂಬಾ, ವಡೋದರಾ ದಾಟಿತೇನೋ, ಇನ್ನು ಸೂರತ್ತು, ಅಲ್ಲಿಂದ ಉಧ್ನಾಕ್ಕೆ ರಿಕ್ಷಾ — ಇವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಾರೆ, ಬಾಯಿ ತುಸು ತೆರೆದಿದೆ, ಹೈಕೋರ್ಟಿನಲ್ಲಿ ತಮ್ಮ ಕೇಸು ತಾವೇ ವಾದಿಸಿ ಬಿಲ್ಡರನನ್ನು ಸೋಲಿಸಿದ ಚನ್ನಬಸಪ್ಪನವರು ಇವರೇ ಎಂದರೆ ಯಾರು ನಂಬುತ್ತಾರೆ, ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿದ ಟೆರೇಸನ್ನು ಆತ ಯಾರಿಗೋ ಮಾರಿದಾಗ ಉಳಿದವರೆಲ್ಲ ಜಾನೇ ದೋ ಕಾಕಾ ಎಂದು ಸುಮ್ಮನಾದರು, ಇವರು ಆಗಲಿಲ್ಲ, ವಕೀಲ್ರ್ಯಾಕ, ಕಾನೂನು ಓದಾಕ ನನಗ ಬರೂದಿಲ್ಲೇನು ಎಂದರು, ಓದಲು ಬರುತ್ತದೆ, ಕೇಳಲು ಬರಬೇಕಲ್ಲ — ಆಯುಷ್ಯವೆಲ್ಲ ಮಗ್ಗದ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದವರು, ಪವರ್‌ಲೂಮಿನ ಖಟಖಟ ಎರಡೂ ಕಿವಿ ತಿಂದುಹಾಕಿದೆ, ಮಗ ಆಕಾಶ ಕೊಡಿಸಿದ ಮಷಿನ್ನು ಹಾಕಿಕೊಂಡರೆ ಜಡ್ಜಿಗಿಂತ ಫ್ಯಾನ ಜೋರ್ ಮಾತಾಡ್ತದ ಎಂದು ಕಿತ್ತು ಕಿಸೆಗೆ ಸೇರಿಸುತ್ತಾರೆ, ಹಾಗಾಗಿ ತಾರೀಖು ಬಂದಾಗಲೆಲ್ಲ ಜೊತೆಗೆ ನಾನು, ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ ಇಂಗ್ಲಿಷು ಕಡೆಗೆ ಅಲ್ಲಿ ಕೆಲಸಕ್ಕೆ ಬಂತು, ಜಡ್ಜು ವಕೀಲರು ಹೇಳಿದ್ದನ್ನೆಲ್ಲ ಕನ್ನಡಕ್ಕೆ ತಿರುಗಿಸಿ, ತುಟಿ ಅಗಲಿಸಿ ಅಗಲಿಸಿ, ಇವರಿಗೆ ನನ್ನ ತುಟಿಯೊಂದೇ ಓದಲು ಬರುವುದು, ಜಗಳಾಡಿ ಜಗಳಾಡಿ ಕಲಿಸಿದ್ದು ನಾನೇ — ಗೆದ್ದದ್ದಾಯಿತು, ಗೆದ್ದವರ ಖರ್ಚನ್ನು ಸೋತವನು ಕೊಡಬೇಕೆಂದೂ ಆಯಿತು, ಕೋರ್ಟಿನ ಅಧಿಕಾರಿ ಲೆಕ್ಕ ನೋಡಿ ಒಪ್ಪಿದ್ದೂ ಆಯಿತು, ಬಿಲ್ಡರ್ ಅದಕ್ಕೂ ತಕರಾರು ತೆಗೆದ, ಈ ಲೆಕ್ಕ ಸರಿಯಿಲ್ಲ, ಜಡ್ಜರೇ ಮತ್ತೆ ನೋಡಲಿ ಎಂದ, ಅದಕ್ಕೇ ಇವತ್ತು ಅಹಮದಾಬಾದು.

ಅವನ ವಕೀಲ ರಾಕೇಶ್, ನಮ್ಮ ಆಕಾಶನ ವಯಸ್ಸೇ ಇದ್ದೀತು, ನಯವಾಗಿಯೇ ಹೇಳಿದ, ಹೆಂಡತಿ ಈ ಕೇಸಿನಲ್ಲಿ ವಾದಿಯಲ್ಲ, ವಕೀಲಳಲ್ಲ, ಸಾಕ್ಷಿಯೂ ಅಲ್ಲ, ಆಕೆಯ ರೈಲಿನ ಖರ್ಚು ನನ್ನ ಕಕ್ಷಿದಾರನ ಮೇಲೇಕೆ, ಆಕೆ ಬರುವ ಅಗತ್ಯವೇ ಇರಲಿಲ್ಲ — ಅಗತ್ಯವೇ ಇರಲಿಲ್ಲ, ಎಷ್ಟು ಚುಚ್ಚಿತೆಂದರೆ ಇವರ ಕಡೆ ತಿರುಗಿ ಹೇಳುವುದನ್ನೇ ಮರೆತೆ, ಏನಂದ, ಏನಂದ ಅಂವಾ, ಎನ್ನುತ್ತಿದ್ದಾರೆ ಇವರು, ಝೆರಾಕ್ಸಿನ ಖರ್ಚನ್ನು ಆಗಲೇ ಅರ್ಧಕ್ಕೆ ಇಳಿಸಿದ್ದ ಜಡ್ಜ್ ಸಾಹೇಬರು ಪೆನ್ನು ಎತ್ತಿ ಹಿಡಿದೇ ಕೇಳಿದರು, ಪತ್ನಿಯ ಅಗತ್ಯ ನಿಮಗೆ ನಿಜವಾಗಿಯೂ ಇತ್ತೇ, ಇವರಿಗೆ ಕೇಳಿಸಲಿಲ್ಲ, ನನ್ನ ಕಡೆ ತಿರುಗಿದರು, ಅಯ್ಯೋ, ಅದನ್ನೂ ನಾನೇ ಕೇಳಬೇಕೇ — ಗದಗಿನ ಮನೆಯಲ್ಲಿ ಅತ್ತೆಯ ಎದುರು ಕೇಳಲಾಗದ ಮಾತು, ಸೂರತ್ತಿನ ಒಂದೇ ಖೋಲಿಯಲ್ಲಿ ಮಗು ಅಳುತ್ತಿದ್ದಾಗ ಕೇಳಲು ಪುರಸೊತ್ತಿಲ್ಲದ ಮಾತು, ಕಿವಿ ಹೋಗಿ ಇವರು ಮೌನಿಯಾದ ಮೇಲೆ ಕೇಳಲು ಹೆದರಿದ ಮಾತು, ಈಗ ಇಷ್ಟು ಕಪ್ಪು ಕೋಟುಗಳ ನಡುವೆ ಗಂಟಲೆತ್ತಿ, ರೀ, ನಾ ನಿಮಗ ಬೇಕಾಗಿದ್ನೇನು ಅಂತ ಕೇಳಾಕತ್ತಾರ, ಇವರು ತುಟಿಯನ್ನೇ ನೋಡಿದರು, ಇನ್ನೊಮ್ಮಿ ಹೇಳು, ನಾ ನಿಮಗ ಬೇಕಾಗಿದ್ನೇನು, ಏ ಸುಭದ್ರಾ, ಇಷ್ಟ ಮಂದೀ ಮುಂದ ಕೇಳೂ ಮಾತೇನ ಇದು, ಮನೀಗೆ ನಡಿ, ಹೇಳ್ತೀನಿ — ಪಿಸುಗುಟ್ಟುತ್ತಿದ್ದೇನೆಂದೇ ಇವರ ಎಣಿಕೆ, ಕೋರ್ಟಿನ ಗೋಡೆ ಅದುರಿತು, ಏನೆಂದರು ಎಂದು ಜಡ್ಜರು, ಅದನ್ನೂ ಇಂಗ್ಲಿಷಿಗೆ ತಿರುಗಿಸಬೇಕಾದವಳು ನಾನೇ, ಮನೆಗೆ ಹೋಗಿ ಹೇಳುತ್ತಾರಂತೆ ಸರ್, ರಾಕೇಶ್ ಕೂಡ ಫೈಲಿನ ಹಿಂದೆ ನಕ್ಕ, ಜಡ್ಜರು ನಗಲಿಲ್ಲ, ಅಗತ್ಯ ಎಷ್ಟಿತ್ತೆಂದು ಕಣ್ಣಾರೆ ಕಂಡೆ, ಈಕೆಯ ಖರ್ಚು ಇರಲಿ, ಎಂದು ಪೆನ್ನು ಮುಚ್ಚಿದರು, ಅದನ್ನು ಇವರಿಗೆ ತಿಳಿಸಬೇಕಿತ್ತು, ತಿಳಿಸಲಾಗಲಿಲ್ಲ, ಇವರನ್ನೇ ನೋಡುತ್ತಿದ್ದೆ, ಕಾಗದ ಜೋಡಿಸುವ ನೆವದಲ್ಲಿ ತಲೆ ತಗ್ಗಿಸಿಬಿಟ್ಟಿದ್ದಾರೆ, ಬಿಳಿ ಕೂದಲ ನಡುವೆ ಎರಡೂ ಕಿವಿ ಕೆಂಪಗೆ — ಮನೆಗೆ ಹೋದ ಮೇಲೆ ಹೇಳುತ್ತಾರೋ, ಚಹಾ ಮಾಡು ಎಂದು ಮರೆಸುತ್ತಾರೋ, ಹೇಳದಿದ್ದರೂ — ಆ ಕಿವಿ, ಏನೂ ಕೇಳಿಸದ ಕಿವಿ, ತುದಿಯವರೆಗೂ ಕೆಂಪು, ಮದುಮಗನ ಹಾಗೆ, ಕೆಂಪು ಕಿವಿ, ಕೆಂಪು