ನೆಲಕ್ಕಿಟ್ಟ ಕತ್ತಿ

"ಕೈಗೆ ಕೊಡೋಕೆ ಏನು ರೋಗ ನಿಂಗೆ? ನಿನ್ನ ಮುಂದೆ ನಾನು ಬಗ್ಗಿ ಎತ್ಕೋಬೇಕೇನೆ?"

ಸಬ್ ಇನ್ಸ್‌ಪೆಕ್ಟರ್ ಬೂಟುಗಾಲಿನಿಂದ ಕತ್ತಿಯನ್ನು ಒದ್ದ. ಅದು ಜಾರಿ ಇದ್ದಿಲ ರಾಶಿಗೆ ಹೋಗಿ ಬಿತ್ತು. ಮಾದರಿಗೆ ಒಂದು ಕತ್ತಿ ಕೊಡು ಎಂದು ಅವನೇ ಕೇಳಿದ್ದ. ಅಮ್ಮಣ್ಣಿ ತೆಂಗಿನಕಾಯಿ ಕೆತ್ತುವ ಒಳ್ಳೆಯದೊಂದನ್ನು ಆರಿಸಿ ಅವನ ಕಾಲ ಬುಡದಲ್ಲಿ ಇಟ್ಟಿದ್ದಳು. ಸೊಕ್ಕಿನಿಂದ ಇಟ್ಟದ್ದಲ್ಲ. ಕತ್ತಿಯನ್ನು ಕೈಯಿಂದ ಕೈಗೆ ದಾಟಿಸುವ ಕ್ರಮ ಆ ಕುಲುಮೆಯಲ್ಲಿ ಇಲ್ಲ. ದಾಟಿಸಿದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಹಗೆ ಹುಟ್ಟುತ್ತದೆ. ಮಾಡಿದವರು ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಊರಿಗೆ ಊರೇ ಹಾಗೆ ಬಗ್ಗಿ ಎತ್ತಿಕೊಂಡು ಹೋಗಿದೆ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಸಾಹೇಬನಿಗೆ ಅದನ್ನೆಲ್ಲ ಹೇಳಿ ಕೊಡುವವರು ಯಾರು?

"ಕೈಗೆ ಕೊಟ್ರೆ ಜಗಳ ಆಗ್ತದೆ ಸಾರ್," ಎಂದಳು.

"ಜಗಳ ಆಗಿ ಮೂರು ದಿನ ಆಯ್ತು." ಅವನು ಜೊತೆಗೆ ಬಂದ ಪೊಲೀಸನ ಕಡೆ ಕೈ ಚಾಚಿದ. ಪೊಲೀಸ ಗೋಣಿ ಬಿಚ್ಚಿ ಒಳಗಿದ್ದ ಐದರಲ್ಲಿ ಉದ್ದದ ತಲವಾರೊಂದನ್ನು ಹೊರಗೆ ತೆಗೆದ. "ಇದರ ಮೇಲಿರೋ ಗುರುತು ಯಾರದ್ದು?"

ಹಿಡಿಯ ಬುಡದಲ್ಲಿ ಮೂರು ಗೀರು, ಅದರ ಕೆಳಗೆ ಒಂದು ಚುಕ್ಕಿ. ಅಮ್ಮಣ್ಣಿಗೆ ನೋಡಿದ ಕೂಡಲೇ ಗೊತ್ತಾಯಿತು. ತನ್ನದೇ ಕೆಲಸ. ಆದರೆ ಅಂಚಿನ ಉದ್ದಕ್ಕೂ ಕಬ್ಬಿಣ ಸುಟ್ಟು ನೀಲಿಯಾದ ಕಲೆ ಇತ್ತು. ಅದು ಅವಳದಲ್ಲ.

"ಗುರುತು ನನ್ನದು. ಅಲಗು ನನ್ನದಲ್ಲ. ನಾನು ಕೊಟ್ಟದ್ದು ಬೋಳು ಪಟ್ಟಿ ಸಾರ್, ಕಿಟಕಿಗೆ ಹಾಕುವ ಮೆದು ಕಬ್ಬಿಣ. ಹದ ಹಾಕಿದ್ದೂ ಅಲ್ಲ, ಮಸೆದದ್ದೂ ಅಲ್ಲ. ಯಾರೋ ಆಮೇಲೆ ಗ್ರೈಂಡರಿಗೆ ಹಿಡಿದಿದ್ದಾರೆ. ನೋಡಿ, ಸುಟ್ಟದ್ದು ಕಾಣ್ತದಲ್ಲ."

ಅವನು ನೋಡಿದ್ದು ಕಬ್ಬಿಣವನ್ನಲ್ಲ, ಅವಳನ್ನು. ಮಸಿ ಹಿಡಿದ ನೈಟಿ, ಸೊಂಟಕ್ಕೆ ಬಿಗಿದ ಬೈರಾಸು ಟವೆಲು, ತೋಳು. ನೋಡಿ ನಕ್ಕ.

"ನೀನು ಮಾಡಿದ್ದಾ? ಹೆಂಗಸು ತಲವಾರು ಬಡಿದಳು ಅಂತ ಬರೆದ್ರೆ ಕೋರ್ಟಲ್ಲಿ ನನ್ನ ಮುಖಕ್ಕೆ ಉಗೀತಾರೆ. ಎಲ್ಲಿ ನಿನ್ನ ಗಂಡ? ಏಯ್, ಏಳೋ ಬೇವರ್ಸಿ."

ಗಂಡ ರುಕ್ಮಯ್ಯ ಆಚಾರಿ ಬ್ಲೋವರಿನ ಪಕ್ಕದ ಸ್ಟೂಲಿನಲ್ಲೇ ಇದ್ದ. ಪಾರ್ಶ್ವವಾಯು ಬಡಿದು ಮೂರು ವರ್ಷ. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತದೆ. ಎಡಗೈಯಿಂದ ಬ್ಲೋವರಿನ ಸ್ವಿಚ್ ಹಾಕುವುದು, ಬೆಂಕಿಯ ಬಣ್ಣ ನೋಡಿ "ಈಗ ತೆಗಿ" ಎನ್ನುವುದು, ಇಷ್ಟೇ ಅವನ ಕೆಲಸ. ಅವನನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು. ಮಹಜರಿಗೆ ಸಹಿ ಹಾಕು ಎಂದರು. ಬೆರಳ ನಡುವೆ ತುರುಕಿದ ಪೆನ್ನು ಎರಡು ಸಲ ಕೆಳಗೆ ಬಿತ್ತು. ಪೆನ್ನು ಹಿಡಿಯಲಾಗದ ಕೈ ಐದು ತಲವಾರು ಬಡಿಯಿತು ಎಂದು ಬರೆದ ಕಾಗದಕ್ಕೆ ಕೊನೆಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಜೀಪು ಹತ್ತಿಸಿದರು.

"ಧಣಿಗಳಿಗೆ ಹೇಳು. ಅವರು ಬಂದು ಹೇಳಿದ್ರೆ ಮುಗೀತು," ಎಂದು ರುಕ್ಮಯ್ಯ ಜೀಪಿನೊಳಗಿಂದ ಕೂಗಿದ. ಮಾತು ಸೊಟ್ಟಗಾದರೂ ಧೈರ್ಯ ಸೊಟ್ಟಗಾಗಿರಲಿಲ್ಲ.

ಅಮ್ಮಣ್ಣಿಗೂ ಅದೇ ನಂಬಿಕೆ. ಊರಿನ ದೊಡ್ಡ ಮನೆಯಾದ ಗುತ್ತಿನ ಧನರಾಜ್ ಧಣಿಗಳಲ್ಲದೆ ಆ ತಲವಾರುಗಳನ್ನು ಹೇಳಿ ಮಾಡಿಸಿದವರು ಬೇರೆ ಯಾರು?

ಬಿ.ಸಿ.ರೋಡಿನಿಂದ ಮೂಡಬಿದ್ರೆಗೆ ಹೋಗುವ ಬಸ್ಸು ಇಳಿದು ಒಳಗೆ ನಡೆದರೆ ಸಿಗುವುದು ಅವರ ಮನೆ. ಅಡುಗೆಮನೆಯ ಗೋಡೆಗೆ ತಾಗಿಸಿ ಇಳಿಸಿದ ತಗಡಿನ ಮಾಡೇ ಕುಲುಮೆ. ಗಂಡನ ಕೈ ಬಿದ್ದಾಗ ಅಮ್ಮಣ್ಣಿ ಸುತ್ತಿಗೆ ಹಿಡಿದಳು. ಅದಕ್ಕೆ ಮೊದಲು ಇಪ್ಪತ್ತು ವರ್ಷ ಅವನ ಎದುರು ನಿಂತು ಎರಡು ಕೈಯ ದೊಡ್ಡ ಸುತ್ತಿಗೆ, ಚಮಟಿಗೆ, ಎತ್ತಿದ್ದವಳೂ ಅವಳೇ. ಆದರೆ ಅದನ್ನು ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಂಗಸು ಬಡಿದ ಕತ್ತಿಯಲ್ಲಿ ಅಲಗು ನಿಲ್ಲುವುದಿಲ್ಲ ಎಂದರು. ತಿಂಗಳ ಆ ನಾಲ್ಕು ದಿನ ಕುಲುಮೆಗೆ ಬೆಂಕಿ ಹಾಕ್ತೀಯಾ ಎಂದು ನಾಚಿಕೆಯಿಲ್ಲದೆ ಕೇಳಿದ ಗಂಡಸರೂ ಇದ್ದರು. ಹಾಗೆ ಕೇಳಿದವರೇ, ಇದು ಆಚಾರಿಯೇ ಎಡಗೈಯಲ್ಲಿ ಬಡಿದದ್ದು ಎಂದರೆ ತುಟಿ ಪಿಟಕ್ಕೆನ್ನದೆ ಕೊಂಡುಹೋಗುತ್ತಿದ್ದರು. ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದು ಅವಳು ಮಾಡಿದ ಕತ್ತಿ ಬೆಳ್ತಂಗಡಿಯ ಸಂತೆಯವರೆಗೂ ರುಕ್ಮಯ್ಯನ ಹೆಸರಿನಲ್ಲೇ ಹೋಯಿತು. ಅವಳ ಹೊಟ್ಟೆ ಉರಿಯುತ್ತಿತ್ತು. ಮಾವನ ಅಪ್ಪನ ಕಾಲದಿಂದ ಬಂದ ಮೂರು ಗೀರಿನ ಗುರುತಿನ ಕೆಳಗೆ, ಯಾರಿಗೂ ಹೇಳದೆ, ತನ್ನದೊಂದು ಚುಕ್ಕಿ ಇಡಲು ಶುರುಮಾಡಿದಳು.

ಆ ಚುಕ್ಕಿಯನ್ನು ಮೊದಲು ಗಮನಿಸಿದವರು ಧನರಾಜ್. "ಇದು ನಿನ್ನ ಕೈಯಲ್ವಾ ಅಮ್ಮಣ್ಣಿ? ಆಚಾರಿಗಿಂತ ಚಂದ ಉಂಟು," ಎಂದಿದ್ದರು. ಆ ಒಂದು ಮಾತಿಗೆ ಅವಳು ಬಿದ್ದುಹೋದಳು. ಆಟಿಯ ಮಳೆ ತಿಂಗಳು ಕಳೆಯುವ ಹೊತ್ತಿಗೆ ಅವರೇ ಬಂದು, ಅಷ್ಟಮಿ ಮೆರವಣಿಗೆಯ ಟ್ಯಾಬ್ಲೋಗೆ ಐದು ತಲವಾರು ಬೇಕು, ನಾಟಕದ್ದು, ಅಲಗು ಬೇಡ ಎಂದರು. ಅವಳು ಮಾಡಿದಳು. ಗುರುತು ಹೊಡೆಯಲು ಹೊರಟಾಗ ರುಕ್ಮಯ್ಯ ತಡೆದಿದ್ದ.

"ಅಲಗಿಲ್ಲದ್ದಕ್ಕೆ ಗುರುತು ಹಾಕುವ ಕ್ರಮ ಇಲ್ಲ ಮಾರಾಯ್ತಿ. ಅದು ಕತ್ತಿ ಅಲ್ಲ, ಆಟದ ಸಾಮಾನು."

"ಮೆರವಣಿಗೆಯಲ್ಲಿ ಸಾವಿರ ಜನ ನೋಡ್ತಾರೆ. ಇರಲಿ," ಎಂದು ಅವಳು ಐದಕ್ಕೂ ಗುರುತು ಹೊಡೆದಳು. ಚುಕ್ಕಿಯನ್ನು ಸ್ವಲ್ಪ ದೊಡ್ಡದಾಗಿಯೇ ಹೊಡೆದಳು. ಗುತ್ತಿನ ಅಂಗಳಕ್ಕೆ ಹೊತ್ತುಕೊಂಡು ಹೋಗಿ, ಕ್ರಮದಂತೆ ನೆಲಕ್ಕಿಟ್ಟು, ಕೈ ಮುಗಿದು ಬಂದಳು.

ಮೆರವಣಿಗೆ ಪೇಟೆಗೆ ಬಂದಾಗ ಟ್ಯಾಬ್ಲೋದ ಲಾರಿಯಿಂದ ನಾಲ್ಕೈದು ಮಂದಿ ತಲವಾರು ಬೀಸುತ್ತ ಇಳಿದರಂತೆ. ಒಣಮೀನಿನ ಅಂಗಡಿಯ ಶಟರ್ ಎಳೆಯುತ್ತಿದ್ದ ಝಿಯಾದನ ಕೈಗೆ ಏಟು ಬಿತ್ತಂತೆ. ಅಮ್ಮಣ್ಣಿಗೆ ಆಗ ತಿಳಿದದ್ದು ಇಷ್ಟೇ. ಅಲಗಿಲ್ಲದ್ದು ಕಡಿದೀತೆಂದು ಅವಳು ಎಣಿಸಿರಲಿಲ್ಲ; ಆ ತಲವಾರು ತನ್ನದೆಂದು ತಿಳಿಯಲು ಜೀಪೇ ಬರಬೇಕಾಯಿತು.

ಜೀಪು ಹೋದ ದೂಳು ಇಳಿಯುವ ಮೊದಲೇ ಅವಳು ಗುತ್ತಿನ ಅಂಗಳದಲ್ಲಿದ್ದಳು. ಧನರಾಜ್ ಚಾವಡಿಯಲ್ಲಿ ಕುಳಿತು ಫೋನು ನೋಡುತ್ತಿದ್ದರು. ಅವಳು ಅಂಗಳದಲ್ಲಿ, ಅವರು ಮೇಲೆ. ಮಾತು ಯಾವಾಗಲೂ ಹೀಗೆಯೇ ನಡೆಯುವುದು. ಪಕ್ಕದಲ್ಲಿ ಹೊಸ ಕಾರಿಗೆ ಶೆಡ್ಡು ಏಳುತ್ತಿತ್ತು. ಕಬ್ಬಿಣ ಕತ್ತರಿಸುವ ಗ್ರೈಂಡರ್ ಅಲ್ಲೇ ಬಿದ್ದಿತ್ತು. ಅದನ್ನು ನೋಡಿದ್ದೇ ತಲವಾರಿನ ನೀಲಿ ಕಲೆ ಅವಳ ನೆನಪಿಗೆ ಬಂತು.

"ಧಣಿಗಳೇ, ಇವರನ್ನು ಕೊಂಡೋದ್ರು. ನೀವು ಒಮ್ಮೆ ಸ್ಟೇಷನಿಗೆ ಬಂದು, ಟ್ಯಾಬ್ಲೋಗೆ ನಾನೇ ಮಾಡಿಸಿದ್ದು ಅಂತ ಹೇಳಿದ್ರೆ ಸಾಕು."

"ಯಾವ ಟ್ಯಾಬ್ಲೋ?"

ಅಮ್ಮಣ್ಣಿ ಅವರ ಮುಖ ನೋಡಿದಳು. ತಮಾಷೆಯ ಗುರುತೇನೂ ಇರಲಿಲ್ಲ.

"ನೀವು ಹೇಳಿದ್ದು... ಐದು ತಲವಾರು. ಇಲ್ಲೇ, ಈ ತುಳಸಿಕಟ್ಟೆಯ ಹತ್ರ ಇಟ್ಟು ಹೋದೆನಲ್ಲ."

"ಇಟ್ಟು ಹೋಗಿರಬಹುದು. ಯಾರು ಎತ್ತಿಕೊಂಡ್ರೋ ನನಗೆಂತ ಗೊತ್ತು?" ಧನರಾಜ್ ಫೋನು ಕೆಳಗಿಟ್ಟರು. "ನಿನ್ನ ಕೈಯಿಂದ ನಾನು ಒಂದಾದ್ರೂ ಕತ್ತಿ ತೆಗೆದುಕೊಂಡದ್ದು ಉಂಟಾ? ನೆನಪು ಮಾಡಿ ಹೇಳು. ಬೇಕಿದ್ರೆ ದೈವದ ಎದುರು ಪ್ರಮಾಣ ಮಾಡ್ತೇನೆ, ಅಮ್ಮಣ್ಣಿಯ ಕೈಯಿಂದ ನಾನು ಏನೂ ತೆಗೆದುಕೊಂಡಿಲ್ಲ ಅಂತ."

ಪ್ರಮಾಣ ಸುಳ್ಳಾಗುವುದೂ ಇಲ್ಲ. ಹಗೆ ಬೇಡವೆಂದು ಹಿರಿಯರು ಮಾಡಿಟ್ಟ ಕ್ರಮದ ಹಿಂದೆ ಈ ಮನುಷ್ಯ ಹಾಯಾಗಿ ಅಡಗಿ ಕುಳಿತಿದ್ದ. ಅಮ್ಮಣ್ಣಿಗೆ ಅಳು ಬರಲಿಲ್ಲ. ತಾನೆಂಥ ದಡ್ಡಿ ಎಂಬ ಸಿಟ್ಟು ಬಂತು. ಕೆಲಸ ಚಂದ ಉಂಟೆಂದ ಬಾಯಿಯೇ ಇದು. ಅದೇ ಬಾಯಿಂದ ಪೊಲೀಸರಿಗೆ, ಆಚಾರಿ ಕುಡಿದು ಯಾರ್ಯಾರಿಗೋ ಮಾರುತ್ತಾನೆ ಎಂದು ಹೇಳಿಕೆ ಹೋಗಿದೆ ಎಂಬುದೂ ಆ ಸಂಜೆ ಸ್ಟೇಷನಿಗೆ ಹೋದಾಗ ಅವಳಿಗೆ ತಿಳಿಯಿತು.

"ಒಂದು ಕೆಲಸ ಮಾಡು," ಎಂದರು ಧನರಾಜ್. "ನಾನೇ ಮಾರಿದ್ದು, ಯಾರಿಗೆ ಅಂತ ನೆನಪಿಲ್ಲ ಅಂತ ಆಚಾರಿ ಒಪ್ಪಿಕೊಳ್ಳಲಿ. ಕೈ ಬಿದ್ದವನ ಮೇಲೆ ಜಡ್ಜಿಗೆ ಕನಿಕರ ಬರ್ತದೆ. ವಕೀಲರನ್ನು ನಾನೇ ಇಡ್ತೇನೆ. ನನ್ನ ಹೆಸರು ಎಲ್ಲಿಯಾದ್ರೂ ಬಾಯಿಗೆ ಬಂತೋ, ನಿಮ್ಮ ಕುಲುಮೆ ಇರುವುದು ಗುತ್ತಿನ ಜಾಗದಲ್ಲಿ. ನೆನಪಿರಲಿ ರಂಡೆ."

ಮರುದಿನ ಬೆಳಿಗ್ಗೆ ರುಖಿಯಮ್ಮ ಬಂದಳು, ಝಿಯಾದನ ತಾಯಿ. ಮೂರು ವರ್ಷದಿಂದ ಮೀನು ಕತ್ತರಿಸಲು ಅಮ್ಮಣ್ಣಿಯ ಕತ್ತಿಯೇ ಆಗಬೇಕು ಎನ್ನುವವಳು. ಅಮ್ಮಣ್ಣಿ ಸುತ್ತಿಗೆ ಹಿಡಿದ ಮೊದಲ ವರ್ಷ, ಹೆಂಗಸಿನ ಕತ್ತಿ ಎಂದು ಗೊತ್ತಿದ್ದೂ ಕೊಂಡವಳು ಅವಳೊಬ್ಬಳೇ. ಅವಳು ಕುಲುಮೆಯ ಒಳಗೆ ಬರಲಿಲ್ಲ. ಕಾಗದದಲ್ಲಿ ಸುತ್ತಿದ್ದನ್ನು ಬಿಚ್ಚಿ, ಮೀನು ಕತ್ತಿಯನ್ನು ಹೊರಗಿನ ಕಲ್ಲಿನ ಮೇಲೆ ಇಟ್ಟಳು.

"ಮಗನ ಎರಡು ಬೆರಳು ಇನ್ನು ಮಡಚುದಿಲ್ಲ ಅಂತ ಹೇಳಿದ್ರು ಡಾಕ್ಟ್ರು. ಇದು ನನ್ನ ಮನೆಯಲ್ಲಿ ಬೇಡ ಅಮ್ಮಣ್ಣಿಯಕ್ಕ. ಇದರಲ್ಲಿಯೂ ಅದೇ ಗುರುತು ಉಂಟು."

"ನಾನು ಅಲಗು ಕೊಟ್ಟದ್ದಲ್ಲ ರುಖಿಯಮ್ಮ. ನನ್ನ ಕಣ್ಣಾಣೆ. ನಾಟಕಕ್ಕೆ ಅಂತ ಹೇಳಿದ್ರು."

"ಯಾರು ಹೇಳಿದ್ದು?"

ಅಮ್ಮಣ್ಣಿ ಕಲ್ಲಿನ ಮೇಲಿದ್ದ ಕತ್ತಿಯ ಕಡೆ ತಿರುಗಿದಳು. ಲಾಕಪ್ಪಿನಲ್ಲಿದ್ದ ಗಂಡ, ತಲೆಯ ಮೇಲಿದ್ದ ತಗಡು, ಎರಡೂ ಆ ಒಂದು ಹೆಸರಿನ ಅಡಿಯಲ್ಲಿದ್ದವು. ರುಖಿಯಮ್ಮ ಕಾದಳು. ಬೇಕಾದಷ್ಟು ಹೊತ್ತು ಕಾದಳು.

"ಆಯ್ತು ಬಿಡು," ಎಂದು ಹೊರಟುಹೋದಳು. ಸಾಹೇಬನ ಬೂಟಿಗಿಂತ ಆ ಮಾತಿನಿಂದ ಅಮ್ಮಣ್ಣಿಗೆ ಹೆಚ್ಚು ನೋವಾಯಿತು. ತಾನು ಮೋಸಹೋದವಳು ಎಂದುಕೊಂಡಿದ್ದಳು. ರುಖಿಯಮ್ಮನ ಕಣ್ಣಿನಲ್ಲಿ ಮೋಸ ಮಾಡಿದವಳೂ ತಾನೇ.

ರುಕ್ಮಯ್ಯ ಒಪ್ಪಿಕೊಳ್ಳಲಿಲ್ಲ. ಸೊಟ್ಟ ಬಾಯಿಯಲ್ಲೇ ಇಲ್ಲ, ಇಲ್ಲ ಎನ್ನುತ್ತ ಜೈಲಿನಲ್ಲಿ ಕುಳಿತ. ಅವಳೇ ಹುಡುಕಿದ ವಕೀಲರು ಹೇಳಿದ್ದು ಒಂದೇ: ಯಾರು ಮಾಡಿಸಿದ್ದು ಎಂದು ಹೇಳಲು ಒಬ್ಬನಾದರೂ ಸಾಕ್ಷಿ ಬೇಕು. ನೆಲಕ್ಕಿಟ್ಟ ಕತ್ತಿಗೆ ಎಲ್ಲಿಯ ಸಾಕ್ಷಿ?

ನವರಾತ್ರಿ ಬಂತು. ಆಯುಧಪೂಜೆಯ ದಿನ ಗುತ್ತಿನಲ್ಲಿ ದೈವಕ್ಕೆ ತಂಬಿಲದ ಪೂಜೆ. ಅದಕ್ಕೆ ಮೊದಲು ದೈವದ ಕತ್ತಿ ಇದೇ ಕುಲುಮೆಗೆ ಬಂದು, ತುಕ್ಕು ಬಿಟ್ಟು, ಹೊಳಪೇರಿ ಹೋಗಬೇಕು. ಮೂರು ತಲೆಮಾರಿನಿಂದ ನಡೆದು ಬಂದದ್ದು. ಬೇರೆ ಕೈ ತಾಗುವ ಹಾಗಿಲ್ಲ. ಆಚಾರಿಯನ್ನು ಜೈಲಿಗೆ ಕಳಿಸಿದ ಮನೆಯಿಂದಲೇ ಕೆಂಪು ಬಟ್ಟೆಯಲ್ಲಿ ಸುತ್ತಿದ ಕತ್ತಿ ಬಂತು. ತಂದವನು ಅದನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಬದಿಯಲ್ಲಿ ಇಟ್ಟು, "ಹೊತ್ತಿಗೆ ಸರಿಯಾಗಿ ತರಬೇಕಂತೆ," ಎಂದು ಹೋದ. ಒಂದು ಕತ್ತಿಗೆ ಕೇಸು, ಒಂದು ಕತ್ತಿಗೆ ಹೂವು. ಎರಡನ್ನೂ ತಿಕ್ಕುವ ಕೈ ಮಾತ್ರ ಒಂದೇ.

ಅಮ್ಮಣ್ಣಿ ಹುಣಸೆಹುಳಿ ಹಚ್ಚಿ ತಿಕ್ಕಿದಳು. ಕಪ್ಪು ಬಿಟ್ಟ ಮೇಲೆ ಹಿಡಿಯ ಬುಡದಲ್ಲಿ ಸವೆದ ಮೂರು ಗೀರು ಕಂಡಿತು. ರುಕ್ಮಯ್ಯನ ಅಜ್ಜ ಹೊಡೆದದ್ದು. ಸಾಹೇಬನ ಕಾಗದದಲ್ಲಿ ಅಪರಾಧ ಎಂದು ಬರೆದದ್ದು ಇದನ್ನೇ. ಅವಳು ಅದರ ಮೇಲೆ ಬಹಳ ಹೊತ್ತು ಹೆಬ್ಬೆರಳು ಆಡಿಸಿದಳು. ಆಮೇಲೆ ಅಲಗು ಮಸೆದು, ಎದ್ದು ಮಿಂದು, ಶುದ್ಧದ ಸೀರೆ ಉಟ್ಟಳು.

ಗುತ್ತಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಕ್ಕಲುಗಳು, ನೆಂಟರು, ಗಲ್ಫಿನಿಂದ ರಜೆಗೆ ಬಂದವರು, ಪಂಚಾಯತಿನವರು. ತುಳಸಿಕಟ್ಟೆಯ ಹತ್ತಿರ ಕೊಡಿ ಬಾಳೆಲೆ ಹಾಕಿತ್ತು. ಅದರ ಮೇಲೆ ಇಡುವುದು ಅವಳ ಕೆಲಸ, ಅಲ್ಲಿಂದ ಎತ್ತುವುದು ಯಜಮಾನನ ಕೆಲಸ. ಧನರಾಜ್ ಮಡಿಯುಟ್ಟು ಎಲೆಯ ಆಚೆ ನಿಂತಿದ್ದರು.

ಅಮ್ಮಣ್ಣಿ ಎಲೆಯ ಹತ್ತಿರ ಬಂದು ನಿಂತಳು. ಬಗ್ಗಲಿಲ್ಲ. ಕೆಂಪು ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಅಲಗನ್ನು ತನ್ನ ಅಂಗೈಯಲ್ಲಿ ಹಿಡಿದು, ಹಿಡಿಯನ್ನು ಅವರ ಕಡೆಗೆ ಚಾಚಿದಳು.

"ನೆಲಕ್ಕಿಡು ಅಮ್ಮಣ್ಣಿ," ಎಂದರು ಧನರಾಜ್, ಮೆಲ್ಲಗೆ.

"ಇಲ್ಲ ಧಣಿಗಳೇ. ಕೈಗೇ ತೆಗೆದುಕೊಳ್ಳಿ."

"ಹುಚ್ಚು ಹಿಡಿದಿದೆಯಾ? ಕ್ರಮ ಗೊತ್ತಿಲ್ವಾ ನಿನಗೆ?"

"ಗೊತ್ತುಂಟು. ಕ್ರಮದಲ್ಲೇ ಐದು ತಲವಾರು ಇದೇ ಜಾಗದಲ್ಲಿ ಇಟ್ಟಿದ್ದೆ. ನೀವು ಎತ್ತಿಕೊಂಡದ್ದನ್ನು ಯಾರೂ ನೋಡಲಿಲ್ಲ. ಅದಕ್ಕೆ ನನ್ನ ಗಂಡ ಜೈಲಿನಲ್ಲಿದ್ದಾರೆ, ರುಖಿಯಮ್ಮನ ಮಗನ ಬೆರಳು ಹೋಯ್ತು." ಅವಳ ಸ್ವರ ಏರಲಿಲ್ಲ. "ಅಮ್ಮಣ್ಣಿಯ ಕೈಯಿಂದ ಏನೂ ತೆಗೆದುಕೊಂಡಿಲ್ಲ ಅಂತ ಪ್ರಮಾಣಕ್ಕೆ ಹೊರಟವರು ನೀವು, ಇದನ್ನು ಎಲ್ಲರೂ ನೋಡಲಿ. ನನ್ನ ಕೈಯಿಂದಲೇ ತೆಗೆದುಕೊಳ್ಳಿ. ಹಗೆ ಹೇಗೂ ಆಗಿದೆಯಲ್ಲ."

ಚೆಂಡೆ ನಿಂತಿತು. ದೀಪ ಹಿಡಿದವರು ದೀಪ ಹಿಡಿದೇ ನಿಂತರು. ಹಿಂದಿನಿಂದ ಯಾರೋ "ಎಳೆದು ಹಾಕಿ ಆ ಮುಂಡೆಯನ್ನು," ಎಂದರು. ಆದರೆ ದೈವದ ಕತ್ತಿ ಹಿಡಿದವಳನ್ನು ಮುಟ್ಟಲು ಒಬ್ಬನೂ ಮುಂದೆ ಬರಲಿಲ್ಲ. ಅಲಗನ್ನು ಹಿಡಿದ ಬೆರಳ ಸಂದಿಯಿಂದ ಒಂದು ಕೆಂಪು ಗೆರೆ ಮಣಿಕಟ್ಟಿಗೆ ಇಳಿಯಿತು. ಅವಳು ಮಸೆದದ್ದು, ಚೆನ್ನಾಗಿಯೇ ಮಸೆದಿದ್ದಳು. ಚಮಟಿಗೆ ಎತ್ತಿ ಪಳಗಿದ ತೋಳು, ಸುಲಭಕ್ಕೆ ಇಳಿಯುವಂಥದ್ದಲ್ಲ.

"ತೆಗೆದುಕೊಳ್ಳಿ ಧಣಿಗಳೇ," ಎಂದಳು ಇನ್ನೊಮ್ಮೆ.

ಧನರಾಜರ ಎರಡೂ ಕೈಗಳು ಬೆನ್ನ ಹಿಂದೆ ಹೋದವು. ಅದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು.